ಬಾಯಿ ಮುಚ್ಚಿಸಿದ್ದು ಯಾರು? ಅಮೆರಿಕದ ವಾಕ್ ಸ್ವಾತಂತ್ರ್ಯದ ಜಗಳವನ್ನು ಮೈಸೂರಿನಲ್ಲಿ ಕೂತು ಓದುವ ಬಗೆ

ನ್ಯೂಜೆರ್ಸಿಯಲ್ಲಿರುವ ಮಗನೋ ಟೆಕ್ಸಾಸಿನ ಭಾವಮೈದನೋ ಮಂಡ್ಯದ ಮನೆಯ ವಾಟ್ಸಾಪ್ ಗುಂಪಿಗೆ ವಿಡಿಯೊ ಹಾಕುತ್ತಾರೆ: ಅಮೆರಿಕದಲ್ಲಿ ಕನ್ಸರ್ವೇಟಿವ್‌ಗಳ ಬಾಯಿ ಮುಚ್ಚಿಸುತ್ತಿದ್ದಾರಂತೆ. (ಅಲ್ಲಿನ ಬಲಪಂಥದವರು, ಹೆಚ್ಚಾಗಿ ರಿಪಬ್ಲಿಕನ್ ಪಕ್ಷದ ಕಡೆಯವರು. ಆ ಪದವನ್ನು ‘ಸಂಪ್ರದಾಯವಾದಿ’ ಎಂದು ಕನ್ನಡಿಸಬೇಡಿ. ಹಾಗೆಂದ ಕೂಡಲೇ ನಮ್ಮ ಕಣ್ಣಿಗೆ ಮಡಿ ಉಟ್ಟವರು ಬರುತ್ತಾರೆ, ಲೆಕ್ಕ ಅಲ್ಲಿಂದಲೇ ತಪ್ಪುತ್ತದೆ.) ವಿಡಿಯೊ ನಂಬುವ ಮೊದಲು, ತಳ್ಳಿಹಾಕುವ ಮೊದಲೂ, ಬಾಯಿ ಮುಚ್ಚಿಸಿದ್ದು ಯಾರೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸರ್ಕಾರವೋ, ಕಂಪನಿಯೋ, ಸರ್ಕಾರದ ಬೆದರಿಕೆಗೆ ಬಗ್ಗಿದ ಕಂಪನಿಯೋ?

ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ 1791ರದು. ಅದು ಕೈ ಕಟ್ಟುವುದು ಸರ್ಕಾರದ್ದು ಮಾತ್ರ. ನಮ್ಮ ಸಂವಿಧಾನದ ಮೊದಲ ತಿದ್ದುಪಡಿ 1951ರಲ್ಲಿ ಬಂದಾಗ ವಾಕ್ ಸ್ವಾತಂತ್ರ್ಯದ ಮೇಲೆ 19(2)ನೇ ವಿಧಿ ಹೇರುವ ನಿರ್ಬಂಧಗಳ ಪಟ್ಟಿಯನ್ನೇ ಹಿಗ್ಗಿಸಿತು. ಹೆಸರು ಒಂದೇ, ದಿಕ್ಕು ಉಲ್ಟಾ. ದ್ವೇಷದ ಮಾತು ಎಂಬ ಒಂದೇ ಕಾರಣಕ್ಕೆ ಅಮೆರಿಕದಲ್ಲಿ ಜೈಲಿಗೆ ಹಾಕುವಂತಿಲ್ಲ. 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ಪ್ರಕಾರ, ಪ್ರಚೋದನೆ ಎಂದು ಶಿಕ್ಷಿಸಬೇಕಾದರೆ ತಕ್ಷಣವೇ ಕಾನೂನು ಮೀರುವಂತೆ ಜನರನ್ನು ಎಬ್ಬಿಸುವ ಉದ್ದೇಶ ಆ ಮಾತಿಗಿರಬೇಕು, ಹಾಗಾಗುವ ಸಂಭವವೂ ಇರಬೇಕು.

ಚೀಟಿಯಲ್ಲಿ ‘ಕಂಪನಿ’ ಎಂದು ಬಂದರೆ ಕೆಲಸ ಬೇಗ ಮುಗಿಯುತ್ತದೆ. 2021ರ ಜನವರಿ 8ರಂದು ಟ್ವಿಟರ್ ಟ್ರಂಪ್ ಖಾತೆಯನ್ನು ಮುಚ್ಚಿದ್ದು ಸರಿಯೋ ತಪ್ಪೋ ಎಂದು ಎಷ್ಟಾದರೂ ವಾದ ಮಾಡಬಹುದು, ಆದರೆ ಅದು ಮೊದಲ ತಿದ್ದುಪಡಿಯ ಉಲ್ಲಂಘನೆ ಅಲ್ಲ. ಇಂಥ ಕಂಪನಿಗಳಿಗೆ ಲಗಾಮು ಹಾಕಲು ಟೆಕ್ಸಾಸ್, ಫ್ಲಾರಿಡಾ ಮಾಡಿದ ಕಾನೂನುಗಳನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಕೆಳಗಿನ ಕೋರ್ಟುಗಳಿಗೆ ವಾಪಸ್ ಕಳಿಸಿತು. ಯಾವ ಪೋಸ್ಟ್ ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ಆರಿಸುವುದೂ ಒಂದು ಬಗೆಯ ಅಭಿವ್ಯಕ್ತಿಯೇ ಎಂದು ಬಹುಮತ ಹೇಳಿದ್ದರಿಂದ ಆ ರಾಜ್ಯಗಳ ವಾದಕ್ಕೆ ಪೆಟ್ಟು ಬಿತ್ತು.

ಕಷ್ಟವಿರುವುದು ಮೂರನೆಯದರಲ್ಲಿ, ಸರ್ಕಾರದ ಬೆದರಿಕೆಗೆ ಕಂಪನಿ ಬಗ್ಗಿದಾಗ. ಇಲ್ಲಿ ಎರಡು ತೀರ್ಪುಗಳನ್ನು ಜೋಡಿಯಾಗಿ ಓದಬೇಕು, ಎರಡೂ 2024ರವು. ಮೇ ತಿಂಗಳ ಎನ್‌ಆರ್‌ಎ ವಿರುದ್ಧ ವುಲ್ಲೊ ಪ್ರಕರಣದಲ್ಲಿ, ನ್ಯೂಯಾರ್ಕಿನ ಅಧಿಕಾರಿಯೊಬ್ಬರು ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿ ಬಂದೂಕು ಹಕ್ಕಿನ ಸಂಘವಾದ ಎನ್‌ಆರ್‌ಎಯನ್ನು ದೂರವಿಡುವಂತೆ ಮಾಡಿದರು ಎಂಬ ಆರೋಪವಿತ್ತು. ಆರೋಪ ನಿಜವಾದರೆ ಅದು ಮೊದಲ ತಿದ್ದುಪಡಿಯ ಉಲ್ಲಂಘನೆಯೇ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ತೀರ್ಪು ಬರೆದವರು ಕನ್ಸರ್ವೇಟಿವ್‌ಗಳ ಎದುರಿನ ಲಿಬರಲ್ ಬಣದ ನ್ಯಾಯಮೂರ್ತಿ ಸೊಟೊಮೇಯರ್. ಸಂಘದ ಪರ ನಿಂತದ್ದು ಲಿಬರಲ್‌ಗಳ ಕಡೆಯದೆಂದೇ ಎಣಿಸುವ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು. ಜೂನ್ ತಿಂಗಳ ಮೂರ್ತಿ ವಿರುದ್ಧ ಮಿಸೌರಿಯಲ್ಲಿ, ಬೈಡನ್ ಸರ್ಕಾರ ಸೋಷಿಯಲ್ ಮೀಡಿಯಾ ಕಂಪನಿಗಳನ್ನು ಒತ್ತಾಯಿಸಿತು ಎಂಬ ದೂರು 6–3ರಲ್ಲಿ ಬಿದ್ದುಹೋಯಿತು. ‘ಸೆನ್ಸಾರ್ ನಡೆದೇ ಇಲ್ಲ ಎಂದಿತು ಕೋರ್ಟ್’ ಎಂದು ಒಂದು ಕಡೆಯವರು, ‘ಸೆನ್ಸಾರಿಗೆ ಒಪ್ಪಿಗೆ ಕೊಟ್ಟಿತು’ ಎಂದು ಇನ್ನೊಂದು ಕಡೆಯವರು. ಎರಡೂ ತಪ್ಪು. ಇಂಥ ಅಧಿಕಾರಿಯ ಒತ್ತಡದಿಂದಲೇ ತಮ್ಮ ಪೋಸ್ಟ್ ಹೋಯಿತು ಎಂಬ ಕೊಂಡಿಯನ್ನು ದೂರುದಾರರು ತೋರಿಸಲಿಲ್ಲ, ಹಾಗಾಗಿ ದಾವೆ ಹೂಡುವ ಅರ್ಹತೆಯೇ ಇಲ್ಲ ಎಂದಷ್ಟೇ ತೀರ್ಪು.

ನಂತರ ಹೆಸರುಗಳನ್ನು ಅದಲುಬದಲು ಮಾಡಿ, ಒತ್ತಡ ಟ್ರಂಪ್ ಸರ್ಕಾರದ ಕಡೆಯಿಂದ ಬಂದಾಗ ಏನಾಯಿತು ನೋಡಿ. 2025ರ ಸೆಪ್ಟೆಂಬರಿನಲ್ಲಿ ಪ್ರಸಾರವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಅಧ್ಯಕ್ಷ ಬ್ರೆಂಡನ್ ಕಾರ್ ಎಚ್ಚರಿಕೆಯ ಮಾತಾಡಿದ ದಿನವೇ ಎಬಿಸಿ ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಕಾರ್ಯಕ್ರಮವನ್ನು ನಿಲ್ಲಿಸಿತು. ವಾರದೊಳಗೆ ಅದು ಮತ್ತೆ ಶುರುವಾಯಿತು. ವುಲ್ಲೊ ತೀರ್ಪಿಗೆ ಚಪ್ಪಾಳೆ ಹೊಡೆದವರು ಇಲ್ಲಿ ಏನಂದರು ಎಂದು ಹುಡುಕಿ. ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಕಾರ್ ಅವರನ್ನು ಬಹಿರಂಗವಾಗಿಯೇ ಟೀಕಿಸಿದರು. ಕನ್ಸರ್ವೇಟಿವ್‌ಗಳೆಲ್ಲ ಒಂದೇ ಗಾಣದ ಎತ್ತುಗಳಲ್ಲ: 1989ರಲ್ಲಿ ಧ್ವಜ ಸುಡುವುದಕ್ಕೂ ರಕ್ಷಣೆಯಿದೆ ಎಂದ 5–4ರ ತೀರ್ಪಿನಲ್ಲಿ ಇಬ್ಬರೂ ಕನ್ಸರ್ವೇಟಿವ್ ನ್ಯಾಯಮೂರ್ತಿಗಳೇ ಆಗಿದ್ದ ಸ್ಕಾಲಿಯಾ ಬಹುಮತದಲ್ಲಿದ್ದರು, ರೆಂಕ್ವಿಸ್ಟ್ ಭಿನ್ನಮತದಲ್ಲಿದ್ದರು.

ತೀರ್ಪಿನ ಮೂಲ ಓದುವುದು ಅಂದುಕೊಂಡಷ್ಟು ಕಷ್ಟವಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮೊದಲಿಗೆ ಬರುವ ‘ಸಿಲಬಸ್’ ಬರೀ ಸಾರಾಂಶ, ತೀರ್ಪಿನ ಭಾಗವಲ್ಲ. ದಾರಿ ಗೊತ್ತಾಗಲು ಓದಿ, ಅದರಿಂದ ಉಲ್ಲೇಖಿಸಬೇಡಿ. ವಿಡಿಯೊದಲ್ಲಿ ಕೇಳಿದ ಸಾಲನ್ನು ಪಿಡಿಎಫ್‌ನಲ್ಲಿ ಹುಡುಕಿ, ಆ ಪುಟದ ತಲೆಬರಹ ನೋಡಿ. ಅಲ್ಲಿ ‘ಡಿಸೆಂಟಿಂಗ್’ ಎಂದಿದ್ದರೆ ಅದು ಸೋತವರ ಮಾತು. ಭಿನ್ನಮತದ ಖಾರದ ಸಾಲನ್ನು ಕೋರ್ಟಿನ ಮಾತೆಂದು ಹಂಚುವುದು ಎಲ್ಲಕ್ಕಿಂತ ಸಾಮಾನ್ಯ ಎಡವಟ್ಟು.

ತೀರ್ಪು ವಾಷಿಂಗ್ಟನ್ನಿನಲ್ಲಿ ಬೆಳಿಗ್ಗೆ 10ಕ್ಕೆ ಹೊರಬೀಳುತ್ತದೆ. ಬೇಸಿಗೆಯಲ್ಲಿ ಆಗ ಮೈಸೂರಿನಲ್ಲಿ ರಾತ್ರಿ 7.30, ಚಳಿಗಾಲದಲ್ಲಿ 8.30. ದೊಡ್ಡ ತೀರ್ಪುಗಳು ಹೆಚ್ಚಾಗಿ ಜೂನ್ ಕೊನೆಗೆ. ಆ ರಾತ್ರಿಯ ವ್ಯಾಖ್ಯಾನಗಳನ್ನು ಬಿಟ್ಟುಬಿಡಿ: ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೊದಲು ಮೇಲೇಳುವುದು ಕೊಳೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಓದಿದರೆ ಸಾಕು.

ಚಾನೆಲ್‌ಗಳ ಬಗ್ಗೆ ಎರಡು ಮಾತು. ವಿವಾದದ ವಿಷಯದಲ್ಲಿ ಎರಡೂ ಕಡೆಯ ವಾದ ಕೇಳಿಸಬೇಕೆಂಬ ‘ಫೇರ್‌ನೆಸ್ ಡಾಕ್ಟ್ರಿನ್’ 1949ರದು, ಎಫ್‌ಸಿಸಿ ಅದನ್ನು ಕೈಬಿಟ್ಟದ್ದು 1987ರಲ್ಲಿ. ಮರುವರ್ಷವೇ ಕನ್ಸರ್ವೇಟಿವ್ ಮಾತುಗಾರ ರಷ್ ಲಿಂಬಾ ರೇಡಿಯೊ ಮಾತು ದೇಶದಾದ್ಯಂತ ಹಬ್ಬಿತು. ಆದರೆ ನಿಯಮವಿದ್ದದ್ದು ಗಾಳಿಯಲ್ಲಿ ಪ್ರಸಾರವಾಗುವ ಕೇಂದ್ರಗಳಿಗೆ. 1996ರಲ್ಲಿ ಶುರುವಾದ ಫಾಕ್ಸ್ ನ್ಯೂಸ್ ಕೇಬಲ್ ಚಾನೆಲ್, ಆದ್ದರಿಂದ ‘ಆ ನಿಯಮ ಇದ್ದಿದ್ದರೆ ಫಾಕ್ಸ್ ಹುಟ್ಟುತ್ತಿರಲಿಲ್ಲ’ ಎನ್ನುವವರ ಲೆಕ್ಕ ಸರಿಯಿಲ್ಲ. 2023ರಲ್ಲಿ ಮಾನನಷ್ಟ ದಾವೆಯೊಂದರಲ್ಲಿ ಫಾಕ್ಸ್ ಮತಯಂತ್ರದ ಡೊಮಿನಿಯನ್ ಕಂಪನಿಗೆ ಕೊಟ್ಟ 78.75 ಕೋಟಿ ಡಾಲರ್ ಕೂಡ ರಾಜಿಯ ಹಣ, ಕೋರ್ಟು ಹಾಕಿದ ದಂಡವಲ್ಲ.

ಗುಂಪಿಗೆ ಉತ್ತರ ಹಾಕುವಾಗ ಮೂರೇ ಸಾಲು: ಬಾಯಿ ಮುಚ್ಚಿಸಿದ್ದು ಯಾರು, ತೀರ್ಪು ಯಾವುದು, ಆ ಮಾತು ಬಹುಮತದ್ದೋ ಭಿನ್ನಮತದ್ದೋ. ನಾಲ್ಕನೆಯ ಸಾಲು ಬರೆದರೆ ಭಾವಮೈದ ಫೋನೇ ಮಾಡುತ್ತಾನೆ.