ವಾರ್ಡಿನ ತಿಂಗಳ ವರದಿಯನ್ನು ನಾನು ಬರೆಯುವ ಬಗೆ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಹಿಂದಿನ ಚುನಾಯಿತ ಸಭೆಯ ಅವಧಿ 2019ರಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. 82 ವಾರ್ಡುಗಳ ಹೊಸ ಸಭೆಗೆ ಮೇಯರ್ ಬಂದದ್ದು 2022ರ ಮೇ ತಿಂಗಳಲ್ಲಿ. ಅಷ್ಟು ಕಾಲ ಕೇಳುವವರಿಲ್ಲದೆ ಇದ್ದ ಓಣಿಯ ಜನ ಸದಸ್ಯನಾದ ನನ್ನಲ್ಲಿಗೆ ಬಂದಾಗ, ಅವರ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವಾಗ’ ಮತ್ತು ‘ಯಾರು’ ಎಂಬವೇ ಆಗಿದ್ದವು. ಮೇಯರ್ ಹುದ್ದೆಯ ಅವಧಿ ಒಂದೇ ವರ್ಷ. ಪ್ರತಿಯೊಬ್ಬ ಮೇಯರೂ ಊರಿನ ಕೆಲಸಗಳ ವಿವರವನ್ನು ಸಭೆಯ ಮುಂದಿಡುತ್ತಾರೆ, ಆದರೆ ಒಂದು ಓಣಿಯ ಗಟಾರದ ಕಾಮಗಾರಿ ಇಬ್ಬರು ಮೂವರು ಮೇಯರರ ಅವಧಿಯನ್ನು ದಾಟಿ ಸಾಗುವುದುಂಟು. ಆ ಗಟಾರದ ಲೆಕ್ಕವನ್ನು ವಾರ್ಡಿನಲ್ಲಿಯೇ ಇಡಬೇಕೆಂದು ತಿಂಗಳಿಗೊಂದು ಹಾಳೆಯ ವರದಿಯನ್ನು ಆರಂಭಿಸಿದೆ.

ಭೂಮಿಪೂಜೆಯ ಸುದ್ದಿಗೆ ಆ ಹಾಳೆಯಲ್ಲಿ ಜಾಗ ಕೊಡಲಿಲ್ಲ. ಅದು ಹೇಗೂ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಬದಲು ಪ್ರತಿ ಕಾಮಗಾರಿಯೂ ಈಗ ಯಾವ ಹಂತದಲ್ಲಿದೆ ಎಂದು ಬರೆದೆ: ಅಂದಾಜು ಪತ್ರಿಕೆ ಸಿದ್ಧವಾಗಿದೆಯೋ, ತಾಂತ್ರಿಕ ಮಂಜೂರಾತಿ ಸಿಕ್ಕಿದೆಯೋ, ಟೆಂಡರ್ ಕರೆಯಲಾಗಿದೆಯೋ, ಕಾರ್ಯಾದೇಶ ಹೊರಟಿದೆಯೋ. ಕಡತ ಯಾರ ಮೇಜಿನ ಮೇಲಿದೆ ಎಂಬುದನ್ನು ಹುದ್ದೆಯ ಹೆಸರಿನಿಂದ ಮಾತ್ರ ಸೂಚಿಸಿದೆ, ವ್ಯಕ್ತಿಯ ಹೆಸರು ಬೇಡವೆನಿಸಿತು. ವಿದ್ಯುತ್ ಕಡಿತಕ್ಕೆ ಹೆಸ್ಕಾಂ, ಬೀದಿದೀಪಕ್ಕೆ ಪಾಲಿಕೆ, ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ಪಥದ ತೊಂದರೆಗೆ ಅದರದೇ ಸಂಸ್ಥೆ ಎಂಬ ಸಾಮಾನ್ಯ ವಿವರವೇ ಎಷ್ಟೋ ಜನರ ಅಲೆದಾಟವನ್ನು ತಪ್ಪಿಸಿತು.

ಹೆಚ್ಚಿನ ಜಾಗ ಹಿಡಿಯುತ್ತಿದ್ದದ್ದು ನೀರು. ನಮ್ಮ ಅವಳಿ ನಗರಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು ಸವದತ್ತಿಯಿಂದ ಅಮ್ಮಿನಬಾವಿಯ ಶುದ್ಧೀಕರಣ ಘಟಕಕ್ಕೆ ಬಂದು ಅಲ್ಲಿಂದ ಹರಿಯುತ್ತದೆ. ಹುಬ್ಬಳ್ಳಿಗೆ ನೀರಸಾಗರ ಜಲಾಶಯದ ಆಸರೆಯೂ ಇದೆ. ಈ ದಾರಿಯನ್ನು ವಿವರಿಸಿದ ಮೇಲೆ, ಅಷ್ಟು ದೂರದಲ್ಲಿ ಪಂಪು ನಿಂತರೆ ನಮ್ಮ ನಳದ ಸರದಿ ಏಕೆ ಮುಂದೆ ಹೋಗುತ್ತದೆ ಎಂದು ಪ್ರತ್ಯೇಕವಾಗಿ ಹೇಳಬೇಕಾಗಲಿಲ್ಲ. 2008ರಲ್ಲಿಯೇ ಕೆಲವು ಬಡಾವಣೆಗಳಿಗೆ ಪ್ರಾಯೋಗಿಕವಾಗಿ ದಿನವಿಡೀ ನೀರು ಬಂದ ಊರಿನಲ್ಲಿ, ಉಳಿದವರು ಸರದಿ ಕಾಯುತ್ತ ಕೂತಾಗ ಹುಟ್ಟುವ ಅಸಮಾಧಾನ ನ್ಯಾಯವಾದದ್ದೇ. ಅದನ್ನು ವರದಿಯಲ್ಲಿ ಮರೆಮಾಚಲಿಲ್ಲ. ಹುಬ್ಬಳ್ಳಿಯ ಎರೆಮಣ್ಣು ಇನ್ನೊಂದು ಕಾರಣ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವ ಈ ನೆಲ ಪೈಪಿನ ಜೋಡಣೆಗಳನ್ನು ಎಳೆದು ಸಡಿಲಿಸುತ್ತದೆ. ಪೈಪು ಹಾಕಲು ಅಗೆದ ತಗ್ಗನ್ನು ಅದೇ ಮಣ್ಣಿನಿಂದ ಮುಚ್ಚಿ ತಕ್ಷಣ ಡಾಂಬರು ಹಾಕಿದರೆ ಮೊದಲ ದೊಡ್ಡ ಮಳೆಗೆ ರಸ್ತೆ ಕುಸಿಯುತ್ತದೆ. ಗರಸು ತುಂಬಿ, ಪದರ ಪದರವಾಗಿ ಒತ್ತಿ, ಮಣ್ಣು ಕೂತ ಮೇಲೆ ಡಾಂಬರು ಹಾಕಬೇಕೆಂದು ಬರೆದ ತಿಂಗಳು ಬೈಗುಳ ಸ್ವಲ್ಪ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ.

ಹಣದ ವಿಷಯ ಬರೆಯುವುದು ಹೆಚ್ಚು ಕಷ್ಟ. ಕೇಂದ್ರ ಹಣಕಾಸು ಆಯೋಗದ ಅನುದಾನದ ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿರುವುದರಿಂದ ಆ ದುಡ್ಡಿನಲ್ಲಿ ಓಣಿಗೆ ಕಾಂಕ್ರೀಟ್ ಹಾಕಿಸಲು ಬರುವುದಿಲ್ಲ ಎಂದರೆ ಜನ ಅದನ್ನು ನೆಪವೆಂದೇ ತಿಳಿಯುತ್ತಾರೆ. ಆದ್ದರಿಂದ ಯಾವ ನಿಧಿಯಿಂದ ಯಾವ ಕೆಲಸಕ್ಕೆ ಅವಕಾಶವಿದೆ ಎಂಬುದನ್ನು ಆಯಾ ಕಾಮಗಾರಿಯ ಹೆಸರಿನ ಕೆಳಗೇ ಬರೆಯುತ್ತ ಬಂದೆ. ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ. 5ರ ರಿಯಾಯಿತಿ ಎಂಬ ಸಾಲು ಮಾರ್ಚ್ ವರದಿಯಲ್ಲಿ ತಪ್ಪದೆ ಇರುತ್ತದೆ.

ಹಾಳೆಯನ್ನು ನ್ಯಾಯಬೆಲೆ ಅಂಗಡಿ, ಗುಡಿ, ಮಸೀದಿ ಮತ್ತು ಅಂಗನವಾಡಿಯ ಗೋಡೆಗೆ ಅಂಟಿಸಿ, ವಾಟ್ಸಾಪಿನಲ್ಲಿಯೂ ಕಳಿಸುತ್ತೇನೆ. ಓದಲು ಬಾರದವರಿಗಾಗಿ ಕಟ್ಟೆಯ ಮೇಲೆ ಯಾರಾದರೂ ಗಟ್ಟಿಯಾಗಿ ಓದುವುದುಂಟು, ನಡುನಡುವೆ ಓದುವವರ ಟೀಕೆಯೂ ಸೇರಿಕೊಳ್ಳುತ್ತದೆ.

ಕೆಲವು ಸಹ ಸದಸ್ಯರಿಗೆ ಇದು ಹಿಡಿಸಲಿಲ್ಲ. ಆಗದ ಕೆಲಸವನ್ನು ನಾವೇ ಬರೆದು ವಿರೋಧಿಗಳ ಕೈಗೇಕೆ ಕೊಡಬೇಕೆಂದು ಕೇಳಿದರು. ಆಗದ ಕೆಲಸ ಬರೆಯದಿದ್ದರೂ ಓಣಿಯವರಿಗೆ ಕಾಣುತ್ತದೆ ಎಂಬುದೇ ನನ್ನ ಉತ್ತರವಾಗಿತ್ತು. ವಲಯ ಕಚೇರಿಯಲ್ಲಿ ಮಾತ್ರ ಒಂದು ಬದಲಾವಣೆ ಕಂಡೆ: ಹಂತ ಮುದ್ರಣವಾಗುತ್ತದೆಂದು ತಿಳಿದ ಮೇಲೆ ಎಂಜಿನಿಯರರು ಬಾಯಿಮಾತಿನ ಬದಲು ದಿನಾಂಕವನ್ನು ಬರೆದೇ ಕೊಡತೊಡಗಿದರು. ಟೆಂಡರಿಗೆ ಗುತ್ತಿಗೆದಾರರೇ ಬಾರದ ಕೆಲಸಗಳಿಗೆ ಈ ಉಪಾಯ ನಡೆಯುವುದಿಲ್ಲ. ಅಂಥವು ತಿಂಗಳ ಮೇಲೆ ತಿಂಗಳು ಅದೇ ಸಾಲಿನಲ್ಲಿ, ಮರುಟೆಂಡರಿನ ದಿನಾಂಕ ಮಾತ್ರ ಬದಲಾಗಿ, ಅಚ್ಚಾಗುತ್ತಿವೆ.