ಕಿವಿ ಸೋರುತ್ತಿದೆಯಾ? ತಮಟೆ ತೂತಾಗಿರಬಹುದು, ಕಿವಿಗೆ ಏನನ್ನೂ ಹಾಕಬೇಡಿ

ರಾತ್ರಿಯೆಲ್ಲ ಕಿವಿ ಸಿಡಿದುಹೋಗುವಂಥ ನೋವು. ಬೆಳಗಿನ ಜಾವ ಇದ್ದಕ್ಕಿದ್ದಂತೆ ನೋವು ಇಳಿಯುತ್ತದೆ, ದಿಂಬಿನ ಮೇಲೆ ಹಳದಿ ಕಲೆ ಕಾಣುತ್ತದೆ. ಸದ್ಯ, ವಾಸಿಯಾಯಿತಲ್ಲ ಅಂತ ಸುಮ್ನೆ ಇದ್ದುಬಿಡುವವರೇ ಜಾಸ್ತಿ. ಆದರೆ ಅದು ವಾಸಿಯಾದದ್ದಲ್ಲ. ತಮಟೆಯ ಹಿಂದೆ ತುಂಬಿಕೊಂಡಿದ್ದ ಕೀವು ತಮಟೆಯನ್ನು ಹರಿದುಕೊಂಡು ಹೊರಗೆ ಬಂದಿರಬಹುದು, ಒಳಗಿನ ಒತ್ತಡ ಇಳಿದಿದ್ದಕ್ಕೇ ನೋವೂ ಇಳಿದಿರಬಹುದು.

ಕಿವಿಯ ತಮಟೆ ಅಂದರೆ ಸುಮಾರು 1 ಸೆಂ.ಮೀ. ಅಗಲದ, 0.1 ಮಿ.ಮೀ. ದಪ್ಪದ ತೆಳು ಪೊರೆ. ಅದರ ಹಿಂದೆ ಗಾಳಿ ಇರುವ ಪುಟ್ಟ ಜಾಗ ಇದೆ, ಅದೇ ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಹೋಗುತ್ತದೆ. ನೆಗಡಿಯಾದಾಗ ಈ ಕೊಳವೆ ಊದಿ ಮುಚ್ಚಿಕೊಂಡರೆ ನಡುಗಿವಿಯಲ್ಲಿ ನೀರು ನಿಲ್ಲುತ್ತದೆ. ಮಕ್ಕಳಲ್ಲಿ ಕೊಳವೆ ಗಿಡ್ಡ, ಇಳಿಜಾರೂ ಕಡಿಮೆ, ಹಾಗಾಗಿ ಅವರಿಗೇ ಇದು ಹೆಚ್ಚು. ನೀರು ನಿಂತ ಮಾತ್ರಕ್ಕೆ ತೂತಾಗಿದೆ ಅಂತಲ್ಲ. ಕಿವಿ ಕಟ್ಟಿದ ಹಾಗಾಗುತ್ತದೆ, ಮಗು ಕರೆದರೆ ತಿರುಗುವುದಿಲ್ಲ, ಅಷ್ಟೇ. ಎಷ್ಟೋ ಮಕ್ಕಳಲ್ಲಿ ಇದು 3 ತಿಂಗಳೊಳಗೆ ತಾನೇ ಹೋಗುತ್ತದೆ. ಆ ನೀರಿಗೆ ಸೋಂಕು ತಗುಲಿ ಕೀವಾದಾಗ ತಮಟೆ ಹರಿಯುವ ಭಯ. ಕೆನ್ನೆಗೆ ಬಿದ್ದ ಏಟು, ಆಳಕ್ಕೆ ತಳ್ಳಿದ ಇಯರ್ ಬಡ್, ಪಟಾಕಿಯಂಥ ಜೋರು ಸ್ಫೋಟ, ವಿಮಾನ ಇಳಿಯುವಾಗಿನ ಒತ್ತಡ, ಇವುಗಳಿಂದಲೂ ಹರಿಯಬಹುದು.

ಮೊದಲು, ಬರುತ್ತಿರುವುದು ಏನು ಅಂತ ನೋಡಿ. ಅಂಟಂಟಾದ ಹಳದಿ ಕೀವೋ, ರಕ್ತ ಬೆರೆತಿದೆಯೋ, ವಾಸನೆ ಇದೆಯೋ? ಯಾವತ್ತು ಶುರುವಾಯಿತು, ಕೇಳಿಸುವುದು ಕಡಿಮೆಯಾಗಿದೆಯಾ, ಒಳಗೆ ಗುಯ್‌ ಅನ್ನುತ್ತಿದೆಯಾ ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರ್ ಇದನ್ನೇ ಕೇಳುತ್ತಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಕಿವಿಯಿಂದ ರಕ್ತವೋ ತಿಳಿ ನೀರೋ ಬಂದರೆ ಮಾತ್ರ ಏನನ್ನೂ ಬರೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ.

ಎರಡನೆಯದೇ ಮುಖ್ಯ: ಕಿವಿಯೊಳಗೆ ಏನನ್ನೂ ಹಾಕಬೇಡಿ. ಬಿಸಿ ಎಣ್ಣೆ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಗುಗ್ಗೆ ತೆಗೆಯಲು ಪಿಚಕಾರಿಯಲ್ಲಿ ನೀರು ಬಿಡುವುದಂತೂ ಬೇಡವೇ ಬೇಡ. ತಮಟೆ ಗಟ್ಟಿಯಾಗಿದ್ದರೆ ಹಾಕಿದ್ದು ಹೊರಗಿವಿಯಲ್ಲೇ ನಿಲ್ಲುತ್ತದೆ, ತೂತಿದ್ದರೆ ಸೀದಾ ನಡುಗಿವಿಗೆ ಇಳಿದು ಸೋಂಕನ್ನು ಹೆಚ್ಚಿಸುತ್ತದೆ. ಹೋದ ಸಲ ಉಳಿದ ಡ್ರಾಪ್ಸ್ ಇದೆ, ಅದನ್ನೇ ಬಿಟ್ಟರಾಯಿತು ಅನ್ನುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೆ: ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಕೆಲವು ಡ್ರಾಪ್ಸ್ ತೂತಿನ ಮೂಲಕ ಒಳಗಿವಿಯನ್ನು ಮುಟ್ಟಿದರೆ ಕೇಳುವ ಶಕ್ತಿಗೇ ಪೆಟ್ಟು ಬೀಳಬಹುದು. ತೂತಿದ್ದರೂ ಬಿಡಬಹುದಾದ ಡ್ರಾಪ್ಸ್ ಬೇರೆ ಇವೆ, ಅದನ್ನು ಕಿವಿ ನೋಡಿದವರೇ ಬರೆದುಕೊಡಬೇಕು.

ಆಮೇಲೆ ಕಿವಿಗೆ ನೀರು ತಾಕದ ಹಾಗೆ ನೋಡಿಕೊಳ್ಳಿ. ಹೊರಗೆ ಬಂದದ್ದನ್ನು ಮಾತ್ರ ಶುಚಿಯಾದ ಬಟ್ಟೆಯಿಂದ ಒರೆಸಿ. ಸ್ನಾನ ಮಾಡುವಾಗ ಹತ್ತಿ ಉಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗಷ್ಟೇ ಇಟ್ಟುಕೊಳ್ಳಿ, ಸ್ನಾನ ಮುಗಿದ ತಕ್ಷಣ ತೆಗೆಯಿರಿ. ಸೋರುತ್ತಿರುವ ಕಿವಿಯನ್ನು ದಿನವಿಡೀ ಹತ್ತಿ ತುರುಕಿ ಮುಚ್ಚಿಡಬಾರದು. ಈಜು ಬೇಡ. ಮೂಗನ್ನು ಜೋರಾಗಿ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದೇ ಸೀನಿ, ಇಲ್ಲದಿದ್ದರೆ ಆ ಗಾಳಿ ಕೊಳವೆಯಿಂದ ಮೇಲೇರಿ ತಮಟೆಯನ್ನು ತಳ್ಳುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗಾದರೆ ತೂಕಕ್ಕೆ ತಕ್ಕಷ್ಟೇ, ಆಸ್ಪಿರಿನ್ ಕೊಡಬಾರದು.

ನೋವು ಹೋಗಿದ್ದರೂ ಒಂದೆರಡು ದಿನದಲ್ಲಿ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಆಟೋಸ್ಕೋಪ್ ಎಂಬ ಪುಟ್ಟ ದೀಪದ ಉಪಕರಣದಿಂದ ತಮಟೆಯನ್ನು ನೋಡುತ್ತಾರೆ, ಬೇಕಿದ್ದರೆ ಕೀವು ಹೀರಿ ತೆಗೆದು, ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುತ್ತಾರೆ. ಕಿವಿಯ ಹಿಂದೆ ಊದಿ ಕೆಂಪಾದರೆ, ತಲೆ ಗಿರ್ರನೆ ತಿರುಗಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ಜ್ವರ ಏರುತ್ತಲೇ ಇದ್ದರೆ ಅದೇ ದಿನ ಹೋಗಬೇಕು. ತಿಂಗಳುಗಟ್ಟಲೆ ಕೆಟ್ಟ ವಾಸನೆಯ ಕೀವು ಸೋರುವುದನ್ನೂ ಸಣ್ಣದು ಅನ್ನಬೇಡಿ, ಒಳಗೆ ಚರ್ಮ ಗಂಟುಕಟ್ಟಿ ಪಕ್ಕದ ಮೂಳೆಯನ್ನು ತಿನ್ನುತ್ತಿರಬಹುದು.

ಹೆಚ್ಚಿನ ತೂತುಗಳು ಕೆಲವು ವಾರಗಳಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಸುಮಾರು 3 ತಿಂಗಳಾದರೂ ಮುಚ್ಚದಿದ್ದರೆ ಆಪರೇಷನ್ ಬಗ್ಗೆ ಮಾತಾಡುತ್ತಾರೆ, ಸಾಮಾನ್ಯವಾಗಿ ಕಿವಿಯ ಹತ್ತಿರದಿಂದಲೇ ತೆಳು ಪೊರೆ ತೆಗೆದು ತೇಪೆ ಹಾಕುತ್ತಾರೆ. ಸೋರುವುದು ನಿಂತ ಮಾತ್ರಕ್ಕೆ ತೂತು ಮುಚ್ಚಿದೆ ಅಂತಲ್ಲ, ಅದು ಒಣಗಿದ ತೂತಾಗಿಯೂ ಇರಬಹುದು ಅಲ್ವಾ? ಹಾಗಾಗಿ ಮರುಭೇಟಿಗೆ ಹೋಗಿ, ಡಾಕ್ಟರ್ ಇನ್ನೊಮ್ಮೆ ಕಿವಿ ನೋಡಿ ಮುಚ್ಚಿದೆ ಅನ್ನುವವರೆಗೆ ನೀರಿನಿಂದ ದೂರ ಇರಿ.