ಗುಜರಿಯ ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ
ಕೋಲಾರ, ಶ್ರೀನಿವಾಸಪುರ ಕಡೆಯ ಮಾವಿನ ತೋಟದವರೇ, ಗುಜರಿ ಅಂಗಡಿಯಲ್ಲಿ ಬಿದ್ದಿರುವ ಪೆಟ್ರೋಲ್ ಬ್ರಷ್ ಕಟರ್ ಕಂಡರೆ ಹಗ್ಗ ಎಳೆದು ನೋಡಿ. ತಡೆದು ತಡೆದು ತಿರುಗಿದರೆ ಎಂಜಿನ್‌ಗೆ ಜೀವವಿದೆ. ಸಡಿಲವಾಗಿ ಬಂದರೆ ಅಥವಾ ಕಚ್ಚಿಕೊಂಡಿದ್ದರೆ ತೂಕದ ಬೆಲೆಗೂ ಬೇಡ.

ಇಂಥವು ಸ್ಟಾರ್ಟ್ ಆಗದಿರಲು ಸಾಮಾನ್ಯ ಕಾರಣ, ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಅದು ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಳಚಿ, ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ರಂಧ್ರಕ್ಕೆ ತಂತಿ ತುರುಕುವ ಚಾಳಿ ಮಾತ್ರ ಬೇಡ, ಅದರ ಅಳತೆಯೇ ಕೆಡುತ್ತದೆ. ಬಿರುಕುಬಿಟ್ಟ ಪೆಟ್ರೋಲ್ ಪೈಪ್, ಗಟ್ಟಿಯಾದ ಡಯಾಫ್ರಮ್ (ಕಾರ್ಬ್ಯುರೇಟರ್ ಒಳಗಿನ ತೆಳು ಪದರ) ಬದಲಿಸಿ. ಏರ್ ಫಿಲ್ಟರ್ ಸ್ಪಂಜಿಗೆ ಸೋಪಿನ ನೀರು ಸಾಕು.

ಟೂ-ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಲೇಬೇಕು. ಎಂಜಿನ್ ಆಯಿಲ್ ಬೇರೆಯಾಗಿ ಹಾಕುವ ಜಾಗವಿರುವ ಫೋರ್-ಸ್ಟ್ರೋಕ್‌ಗೆ ಬೆರೆಸಬೇಡಿ.